ಮಾವನವರ ಅರವತ್ತಕ್ಕೆ ಎರಡು ಕ್ಯಾಮೆರಾ

ಲೋಕದಲ್ಲಿ ನನಗೆ ಭಯ ಹುಟ್ಟಿಸದ ವಸ್ತುಗಳು ಬಹಳ ಕಡಿಮೆ. ಹಲ್ಲಿ, ಹಲ್ಲಿನ ಡಾಕ್ಟರು, ನಮ್ಮನ್ನು ಹಿಂದೆ ಹಾಕುವ ಬಸ್ಸು, ಹಿಂದೆ ಹಾಕದೆ ಹಿಂದೆಯೇ ಬರುವ ಬಸ್ಸು, ಬಾಗಿಲು ತಟ್ಟುವ ಪೋಸ್ಟ್‌ಮ್ಯಾನು, ತಟ್ಟದೆ ಹಾಗೇ ಹೋಗುವ ಪೋಸ್ಟ್‌ಮ್ಯಾನು, ಎಲ್ಲಕ್ಕೂ ಹೆದರುತ್ತೇನೆ. (ನನ್ನ ಹೆಂಡತಿ ಸರಸಳ ಹೆಸರು ಈ ಪಟ್ಟಿಯಲ್ಲಿಲ್ಲವೆಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಪಟ್ಟಿಯನ್ನು ಅವಳಿಗೆ ತೋರಿಸಿಯೇ ಬರೆಯುತ್ತಿದ್ದೇನೆ.) ಹೊಳೆನರಸೀಪುರದಲ್ಲಿ ಹುಟ್ಟಿದ ತಪ್ಪಿಗೆ ನನಗೆ ಲಕ್ಷ್ಮೀನರಸಿಂಹ ಎಂದು ಹೆಸರಿಟ್ಟರು. ದೇವರಾದ ನರಸಿಂಹ ಕಂಬ ಒಡೆದು ಹೊರಗೆ ಬಂದವನು. ನಾನು ಕಂಬ ಕಂಡರೆ ಅದರ ಹಿಂದೆ ನಿಲ್ಲುವವನು.

ಇಂಥ ಪ್ರಾಣಿಗೆ ಒಂದೇ ಒಂದು ಜಾಗದಲ್ಲಿ ಧೈರ್ಯವಿತ್ತು. ಅದು ವಿಡಿಯೋ ಕ್ಯಾಮೆರಾದ ಹಿಂಭಾಗ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ನಾಲ್ಕು ತಾಲ್ಲೂಕಿನ ಮದುವೆ, ಮುಂಜಿ, ನಾಮಕರಣಗಳನ್ನು ವಿಡಿಯೋ ಹಿಡಿಯುವುದು ನನ್ನ ಕಸುಬು. ಕ್ಯಾಮೆರಾ ಹೆಗಲಿಗೇರಿ, ಒಂದು ಕಣ್ಣು ಅದರ ಗೂಡಿಗೆ ಸೇರಿ, ಇನ್ನೊಂದು ಕಣ್ಣು ಮುಚ್ಚಿತೆಂದರೆ ನಾನು ಬೇರೆಯೇ ಮನುಷ್ಯ. ಎದುರಿಗೆ ನಿಂತು 'ನಮಸ್ಕಾರ' ಎನ್ನುವುದಕ್ಕೂ ತೊದಲುವ ನನ್ನ ಬಾಯಿ ಆಗ ತಾನೇ ತಾನಾಗಿ ಗೊಣಗತೊಡಗುತ್ತದೆ. 'ನಗಪ್ಪಾ ಮದುಮಗನೇ, ನಗು, ಇನ್ನೊಂದು ಗಳಿಗೆ ಟೈಮಿದೆ.' 'ಬೀಗಿತಿಯಮ್ಮಾ, ಅದು ಮೂಗುಬಟ್ಟೋ ಗಡಿಯಾರವೋ.' 'ಪುರೋಹಿತರೇ, ಗಂಟೆ ಆಯಿತು, ಮಂತ್ರದ ಜೊತೆ ಆಕಳಿಕೆಯನ್ನೂ ಹೇಳುತ್ತಿದ್ದೀರಿ.' ಮನೆಯಲ್ಲಿ, ಬೀದಿಯಲ್ಲಿ, ಬ್ಯಾಂಕಿನಲ್ಲಿ ಹೇಳಲಾಗದೆ ನುಂಗಿದ ಮಾತುಗಳೆಲ್ಲ ಅಲ್ಲಿ ಹೊರಗೆ ಬರುತ್ತವೆ. ನನ್ನ ಪಕ್ಕದಲ್ಲಿ ಲೈಟು ಹಿಡಿಯುವ ಶಾಂತರಾಜು ಒಬ್ಬನಿಗೆ ಅದು ಕೇಳಿಸುತ್ತದೆ. ಅವನು ನಗೆ ತಡೆಯಲಾರದೆ ಲೈಟು ಅಲ್ಲಾಡಿಸುವುದರಿಂದ ನನ್ನ ವಿಡಿಯೋಗಳಲ್ಲಿ ಆಗಾಗ ಮಿಂಚು ಹೊಡೆದಂತಾಗುತ್ತದೆ. ಜನ ಅದನ್ನು ಸ್ಪೆಷಲ್ ಎಫೆಕ್ಟ್ ಎಂದು ತಿಳಿದಿದ್ದಾರೆ.

ಇಷ್ಟು ಧೈರ್ಯಕ್ಕೆ ಕಾರಣ ನಮ್ಮ ಸೀಮೆಯ ಪದ್ಧತಿ. ಮದುವೆಯ ಕ್ಯಾಸೆಟ್ಟು ಮೊದಲು ಹಾಸನದ ಮಿಕ್ಸಿಂಗ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಮದುಮಗಳನ್ನು ತಾವರೆಯೊಳಗೆ ಕೂರಿಸುತ್ತಾರೆ, ಮದುಮಗನನ್ನು ಹೃದಯದ ಆಕಾರದೊಳಗೆ ತುರುಕುತ್ತಾರೆ, ಇಬ್ಬರನ್ನೂ ತಂದು ಹಿಮಪರ್ವತದ ಮುಂದೆ ನಿಲ್ಲಿಸುತ್ತಾರೆ. (ಗಂಡು ಇಲ್ಲೇ ಮೊಸಳೆ ಎಂಬ ಊರಿನವನು, ಮೈಮೇಲೆ ಶಲ್ಯ ಬಿಟ್ಟರೆ ಬೇರೇನಿಲ್ಲ, ಪಾಪ.) ಆಮೇಲೆ ಮೂಲದ ಸದ್ದನ್ನೆಲ್ಲ ಒರೆಸಿಹಾಕಿ, ಆದಿಯಿಂದ ಅಂತ್ಯದವರೆಗೆ ನಾದಸ್ವರ ಮತ್ತು ಸಿನಿಮಾ ಹಾಡು ತುಂಬುತ್ತಾರೆ. ಹೀಗಾಗಿ ವಿಡಿಯೋ ಕ್ಯಾಮೆರಾಕ್ಕೆ ಕಣ್ಣಿದೆ ಎಂದು ನಾಲ್ಕು ತಾಲ್ಲೂಕಿಗೂ ಗೊತ್ತು, ಕಿವಿಯೂ ಇದೆ ಎಂದು ಯಾರಿಗೂ ಗೊತ್ತಿಲ್ಲ. ಕ್ಯಾಮೆರಾ ಹತ್ತಿರ ಬಂದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಮಾತನ್ನು ಮಾತ್ರ ಯಾರೂ ನಿಲ್ಲಿಸುವುದಿಲ್ಲ. ಬೀಗರು ಹಾಕಿದ ಸರ ಚಿನ್ನವೋ ಗಿಲೀಟೋ ಎಂಬ ಚರ್ಚೆಯನ್ನು ಮುಂದುವರಿಸುತ್ತಲೇ ನನ್ನ ಕಡೆ ತಿರುಗಿ ಮಂದಹಾಸ ಬೀರುತ್ತಾರೆ.

ತೊಂಬತ್ತೊಂಬತ್ತರ ಮಾಘಮಾಸದಲ್ಲಿ ನನ್ನ ಹಳೆಯ ಕ್ಯಾಮೆರಾ ಅರಕಲಗೂಡಿನ ಒಂದು ಮದುವೆಯಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ, ಒಂದು ಸಲ ಕೆಮ್ಮಿ, ಕ್ಯಾಸೆಟ್ಟನ್ನು ನುಂಗಿ ಪ್ರಾಣಬಿಟ್ಟಿತು. ಮಾರನೆಯ ದಿನ ಬಾಡಿಗೆ ಕ್ಯಾಮೆರಾ ತಂದು, ಎಲ್ಲರ ಕೈಕಾಲು ಹಿಡಿದು, ಮದುಮಕ್ಕಳನ್ನು ಮತ್ತೆ ನಿಲ್ಲಿಸಿ ಇನ್ನೊಮ್ಮೆ ಧಾರೆ ಎರೆಸಿದೆ. ಹುಡುಗಿಯ ತಂದೆ ಎರಡನೆಯ ಸಲ ಮಗಳನ್ನು ಕೊಡುವಾಗ ಮೊದಲ ಸಲದಷ್ಟು ಅಳಲಿಲ್ಲ. ವಿಡಿಯೋದಲ್ಲಿ ನೋಡಿದರೆ ಮಗಳನ್ನು ಸಾಗಹಾಕಿದ ಸಂತೋಷದಲ್ಲಿದ್ದಾರೆ ಎನಿಸುವಂತಿತ್ತು. ಅವರು ನಮ್ಮ ಮಾವನವರ ದೂರದ ನೆಂಟರು. ಸುದ್ದಿ ಮಾವನವರಿಗೆ ಮುಟ್ಟಿತು.

ಮಾವನವರಿಗೆ ಮುಟ್ಟುವುದೆಂದರೆ ನನ್ನ ಅನ್ನದ ತಟ್ಟೆಗೆ ಮುಟ್ಟಿದಂತೆ. ಊರಿನ ಕಲ್ಯಾಣ ಮಂಟಪ ಅವರದು. ಮಂಟಪ ಹಿಡಿದವರಿಗೆ ಓಲಗ, ಅಡಿಗೆಯವರು ಮತ್ತು ವಿಡಿಯೋ ಅಳಿಯ, ಈ ಮೂರೂ ಒಟ್ಟಿಗೇ ಬರುತ್ತವೆ. ಒಲ್ಲೆನೆಂದರೂ ಬರುತ್ತವೆ. ಮಾವ ಸಾಧು ಮನುಷ್ಯ, ನೇರವಾಗಿ ಏನೂ ಹೇಳಲಿಲ್ಲ. ಅತ್ತೆ ನೇರವಾಗಿಯೇ ಹೇಳಿಕಳಿಸಿದರು: ಯುಗಾದಿಯೊಳಗೆ ಒಳ್ಳೆಯ ಕ್ಯಾಮೆರಾ ಬರಬೇಕು, ಅದನ್ನು ತಾವೆಲ್ಲ ನೋಡಿ ಒಪ್ಪಬೇಕು, ಇಲ್ಲದಿದ್ದರೆ ಮಂಟಪದ ವಿಡಿಯೋ ಚನ್ನರಾಯಪಟ್ಟಣದ ಸ್ಟುಡಿಯೋದವರಿಗೆ. ಅಳಿಯಂದಿರಿಗೆ ಬೇಜಾರು ಬೇಡ, ಅವರಿಗೆ ಮಂಟಪದ ಪಾತ್ರೆ ಕೋಣೆಯ ಉಸ್ತುವಾರಿ ಕೊಡೋಣ. ಆ ಪಾತ್ರೆ ಕೋಣೆಯಲ್ಲಿ ಕಿಟಕಿ ಇಲ್ಲ, ಹಲ್ಲಿ ಇವೆ. ಅತ್ತೆಯವರು ದಿನಕ್ಕೆ ಹತ್ತು ಸಲ ಅಲ್ಲಿಗೆ ಬಂದು ಹೋಗುತ್ತಾರೆ.

ಹಾಸನದಲ್ಲಿ ಕ್ಯಾಮೆರಾ ಮಾರುವ ಚಂದ್ರಯ್ಯ ನನ್ನ ಭಯದ ಮುಖ ನೋಡಿಯೇ ಕುರ್ಚಿ ಹಾಕಿ ನೀರು ಕೊಟ್ಟ. ಮೂರು ದರ್ಜೆಯ ಕ್ಯಾಮೆರಾ ಇವೆ ಎಂದು ವಿವರಿಸಿದ. ಕೆಳದರ್ಜೆಯದು ಮಕ್ಕಳ ಹುಟ್ಟುಹಬ್ಬಕ್ಕೆ, ಮೇಲ್ದರ್ಜೆಯದು ಸಿನಿಮಾದವರಿಗೆ.

"ಕೆಳಗಿಂದು ತಗಂಡ್ರೆ ನೀವು ಅಳ್ತೀರ ಸಾ, ಮೇಲಿಂದು ತಗಂಡ್ರೆ ನಿಮ್ಮೆಂಡ್ರು ಮಕ್ಳು ಅಳ್ತಾರೆ. ಮಧ್ಯದ್ದು ತಗಳಿ, ಯಾರೂ ಅಳಂಗಿಲ್ಲ."

ಸರಿ, ಮಧ್ಯದ್ದು. ಆದರೆ ಮಧ್ಯದಲ್ಲೂ ಎರಡಿದ್ದವು. ಒಂದು, ಹೆಗಲ ಮೇಲೆ ಕೂರುವ ಹಳೇ ಕಾಲದ ಗಜಗಾತ್ರದ್ದು, ನಮ್ಮ ದೊಡ್ಡ ಕ್ಯಾಸೆಟ್ಟೇ ಅದಕ್ಕೆ ಆಗುತ್ತದೆ. ಇನ್ನೊಂದು ಡಿಜಿಟಲ್ಲು, ಎರಡು ಅಂಗೈಯಲ್ಲಿ ಹಿಡಿಸುವಂಥದ್ದು. ಅದರ ಕ್ಯಾಸೆಟ್ಟು ಬೆಂಕಿಪೊಟ್ಟಣದ ಅಣ್ಣನಷ್ಟಿತ್ತು. ಒಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಕಣ್ಣಿವೆಯಂತೆ. ಮುಕ್ಕಣ್ಣ ಎಂದ ಕೂಡಲೇ ನನಗೆ ಸುಟ್ಟು ಬೂದಿಯಾದ ಮನ್ಮಥನ ನೆನಪಾಗಿ ಮೈ ಜುಂ ಎಂದಿತು. ದೊಡ್ಡದನ್ನು ತೆಗೆದುಕೊಂಡರೆ ನಾಳೆಯೇ ಹಳತಾಗುವ ಭಯ. ಚಿಕ್ಕದನ್ನು ತೆಗೆದುಕೊಂಡರೆ ಜೇಬುಗಳ್ಳರ ಭಯ, ಸಾಂಬಾರಿಗೆ ಬೀಳುವ ಭಯ, 'ಇದೇನು ರೇಡಿಯೋ ತಂದಿದ್ದೀರಿ' ಎಂದು ಮದುವೆ ಮನೆಯವರು ಕೇಳುವ ಭಯ. ವಾರವಿಡೀ ಮನೆಯಲ್ಲಿ ಇದೇ ಚರ್ಚೆ. ಸರಸ ಮೊದಲ ದಿನದಿಂದಲೂ ದೊಡ್ಡದರ ಪಕ್ಷ.

"ದೊಡ್ಡದೇ ಇರಲಿ ಕಣ್ರೀ. ನಿಮಗೆ ಒಂದು ಗಾಂಭೀರ್ಯ ಬರುತ್ತೆ."

"ಹೆಗಲು ನೋಯುತ್ತೆ ಕಣೇ. ರಾತ್ರಿ ಎಲ್ಲಾ ಅಮೃತಾಂಜನ ಹಚ್ಚಬೇಕಾಗುತ್ತೆ."

"ಹಚ್ಚೋಳು ನಾನು ತಾನೆ. ನಾನೇ ಒಪ್ಪಿಕೊಂಡ ಮೇಲೆ ನಿಮ್ಮದೇನು."

ನನ್ನ ಗಾಂಭೀರ್ಯದ ಬಗ್ಗೆ ಅವಳಿಗೆ ಇಷ್ಟು ಕಾಳಜಿ ಇರುವುದು ನೋಡಿ ನನಗೆ ಕಣ್ಣು ತುಂಬಿ ಬಂತು. ಕೊನೆಗೆ ಉಪಾಯ ಹೊಳೆದದ್ದು ಚಂದ್ರಯ್ಯನಿಗೇ. ಎರಡನ್ನೂ ಒಯ್ಯಿರಿ, ಒಂದೇ ಸಮಾರಂಭವನ್ನು ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಹಿಡಿಯಿರಿ, ಮನೆಯವರಿಗೆ ತೋರಿಸಿ, ಒಪ್ಪಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಿ ಎಂದ. ಸಮಾರಂಭವೂ ಸಿದ್ಧವಾಗಿಯೇ ಇತ್ತು. ಮಾವನವರಿಗೆ ಅರವತ್ತು ತುಂಬಿ, ಅವರದೇ ಮಂಟಪದಲ್ಲಿ ಷಷ್ಟಿಪೂರ್ತಿ ಶಾಂತಿ ಗೊತ್ತಾಗಿತ್ತು. ಪದ್ಧತಿಯಂತೆ ಮಾವ ಅತ್ತೆಗೆ ಎರಡನೆಯ ಬಾರಿ ತಾಳಿ ಕಟ್ಟಬೇಕು. ಹೋಮ, ಕಲಶಸ್ನಾನಗಳನ್ನು ದೊಡ್ಡ ಕ್ಯಾಮೆರಾದಲ್ಲಿ, ಮಾಂಗಲ್ಯಧಾರಣೆಯಿಂದ ಊಟದವರೆಗೆ ಚಿಕ್ಕದರಲ್ಲಿ ಹಿಡಿಯುವುದೆಂದು ತೀರ್ಮಾನಿಸಿ, ಎರಡನ್ನೂ ಸೀರೆಯಲ್ಲಿ ಸುತ್ತಿಕೊಂಡು ಮಂಟಪಕ್ಕೆ ಹೋದೆ.

ಹಿಡಿದೆ. ಎಲ್ಲ ಸುಸೂತ್ರವಾಗಿ ಹಿಡಿದೆ. ದೊಡ್ಡದನ್ನು ಇಳಿಸಿ ಚಿಕ್ಕದನ್ನು ಎತ್ತಿಕೊಂಡಾಗ ಹೆಗಲು ಹಗುರಾಯಿತು, ಬಾಯಿ ಇನ್ನೂ ಹಗುರಾಯಿತು. ಶಾಂತರಾಜು ಅವತ್ತು ಲೈಟನ್ನು ಎಷ್ಟು ಅಲ್ಲಾಡಿಸಿದನೆಂದರೆ, ಮಂಟಪಕ್ಕೆ ಸಿಡಿಲು ಬಡಿಯುತ್ತಿದೆಯೇ ಎಂದು ಯಾರೋ ಹೊರಗೆ ಹೋಗಿ ಆಕಾಶ ನೋಡಿ ಬಂದರು.

ಮಾರನೆಯ ದಿನ ಸಾಯಂಕಾಲ ಮಾವನವರ ಮನೆಯಲ್ಲಿ ಎಲ್ಲರೂ ಕೂತು ನೋಡುವುದೆಂದಾಗಿತ್ತು. ಬೆಳಗ್ಗೆ ಸರಸ ತವರಿಗೆ ಹೊರಟ ಮೇಲೆ, ಒಂದು ಸಲ ಪರೀಕ್ಷೆ ಮಾಡೋಣವೆಂದು ನಮ್ಮ ಮನೆಯ ಟೀವಿಗೆ ಹಚ್ಚಿದೆ. ದೊಡ್ಡ ಕ್ಯಾಮೆರಾದ ಚಿತ್ರ ನಮಗೆ ಗೊತ್ತಿದ್ದದ್ದೇ, ಸದ್ದು ಜೇನುಗೂಡಿಗೆ ಕಲ್ಲು ಬಿದ್ದಂತೆ ಒಂದೇ ಗುಂಯ್. ಓಲಗ ಯಾವುದು, ಮಂತ್ರ ಯಾವುದು ತಿಳಿಯುವಂತಿಲ್ಲ. ಆಮೇಲೆ ಚಿಕ್ಕದನ್ನು ಹಚ್ಚಿದೆ. ಅಬ್ಬಾ, ಚಿತ್ರವೆಂದರೆ ಚಿತ್ರ. ಅತ್ತೆಯವರ ರೇಷ್ಮೆ ಸೀರೆಯ ಒಂದೊಂದು ಎಳೆ ಕಾಣುತ್ತಿತ್ತು. ಮಾವನವರ ಕೈಯಲ್ಲಿ ತಾಳಿ ನಡುಗುವುದು ಕಾಣುತ್ತಿತ್ತು. ಕುರ್ಚಿಯಿಂದ ಎದ್ದು ಟೀವಿಗೆ ಕೈಮುಗಿಯೋಣ ಎನ್ನುವಷ್ಟರಲ್ಲಿ, ಟೀವಿಯೊಳಗಿಂದ ಒಬ್ಬ ಗಂಡಸು ಸ್ಪಷ್ಟವಾಗಿ, ನಿಧಾನವಾಗಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಹೇಳಿದ:

"ಮೊದಲನೇ ಸಲ ಗೊತ್ತಿಲ್ಲದೆ ಕಟ್ಟಿದರು, ಕ್ಷಮಿಸಬಹುದು. ಇಷ್ಟು ಅನುಭವ ಆದಮೇಲೂ ಅದೇ ಕುತ್ತಿಗೆಗೆ ಮತ್ತೆ ಕಟ್ಟುತ್ತಿದ್ದಾರಲ್ಲ, ಈ ಮನುಷ್ಯನಿಗೆ ಶೌರ್ಯಪ್ರಶಸ್ತಿ ಕೊಡಬೇಕು ಕಣೋ ಶಾಂತರಾಜು."

ಯಾರಪ್ಪಾ ಈ ದುಷ್ಟ ಎಂದು ಒಂದು ಕ್ಷಣ ಯೋಚಿಸಿದೆ. ಅದು ನನ್ನದೇ ದನಿ. ಹಾಳು ಯಂತ್ರದ ಮೈಕು ನನ್ನ ಬಾಯಿಯಿಂದ ಗೇಣು ದೂರದಲ್ಲಿತ್ತು. ಓಲಗ, ಗಟ್ಟಿಮೇಳ, ಆಶೀರ್ವಚನ ಎಲ್ಲ ಹಿಂದೆ, ನನ್ನ ಗೊಣಗಾಟ ಮುಂದೆ. ಅತ್ತೆಯ ಸೊಂಟ, ಅತ್ತೆಯ ಡಾಬು, ಡಾಬಿಗೆ ಬಂದೊದಗಿದ ಕಷ್ಟ, ಯಾವುದನ್ನೂ ನಾನು ಬಿಟ್ಟಿರಲಿಲ್ಲ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ದೇವರ ಮನೆಗೆ ಹೋಗಿ ಒಂದು ಉದ್ಧರಣೆ ತೀರ್ಥ ಕುಡಿದೆ. ಸಾಲಲಿಲ್ಲ, ಪಂಚಪಾತ್ರೆಯನ್ನೇ ಎತ್ತಿ ಕುಡಿದೆ.

ಅಳಿಸಿಬಿಡೋಣವೇ? ತಾಳಿ ಕಟ್ಟಿದ್ದೆಲ್ಲ ಅದರಲ್ಲೇ ಇದೆ. ಅರಕಲಗೂಡಿನವರ ಹಾಗೆ ಅತ್ತೆ ಮಾವನನ್ನು ಮತ್ತೆ ಮಣೆಯ ಮೇಲೆ ಕೂರಿಸಿ ಮೂರನೆಯ ಸಲ ತಾಳಿ ಕಟ್ಟಿಸುವ ಧೈರ್ಯ ಯಾವ ಗಂಡಸಿಗೂ ಇಲ್ಲ, ಮಾವನವರಿಗಂತೂ ಇರಲಾರದು. ಹಾಸನಕ್ಕೆ ಓಡಿ ಮಿಕ್ಸಿಂಗ್ ಮಾಡಿಸೋಣವೆಂದರೆ ಅಂಗಡಿಗೆ ಅವತ್ತು ರಜಾ. ತೋರಿಸಿದರೆ ಕಸುಬು ಹೋಯಿತು, ಅಳಿಸಿದರೂ ಕಸುಬು ಹೋಯಿತು. ಕಣ್ಣ ಮುಂದೆ ಪಾತ್ರೆ ಕೋಣೆ, ಕೊಳಗ, ಜಾಲರಿ, ಸೌಟು ಕುಣಿಯತೊಡಗಿದವು.

ಆಗ ಕಣ್ಣಿಗೆ ಬಿದ್ದದ್ದು ಕ್ಯಾಮೆರಾದಿಂದ ಟೀವಿಗೆ ಹೋಗುವ ವೈರು. ಅದಕ್ಕೆ ಮೂರು ಬಾಲ. ಹಳದಿಯದು ಚಿತ್ರಕ್ಕೆ, ಬಿಳಿಯದೂ ಕೆಂಪೂ ಸದ್ದಿಗೆ. ಬಿಳಿ ಕೆಂಪುಗಳನ್ನು ಚುಚ್ಚದೇ ಹೋದರೆ ಚಿತ್ರ ಮಾತ್ರ ಬರುತ್ತದೆ. ಸದ್ದಿಗೆ ಟೇಪ್ ರೆಕಾರ್ಡರಿನಲ್ಲಿ ನಾದಸ್ವರ ಹಾಕಿದರಾಯಿತು, ಹೇಗೂ ನಮ್ಮ ಜನಕ್ಕೆ ಅಭ್ಯಾಸವಿರುವುದು ಅದೇ. ಚಿಕ್ಕ ಕ್ಯಾಮೆರಾ ಮೂಕ ಎಂದು ಹೇಳಿ ದೊಡ್ಡದನ್ನೇ ಒಪ್ಪಿಸಿಬಿಡುವುದು. ಕೈಗೆ ಬಂದ ಮುಕ್ಕಣ್ಣನನ್ನು ಹೀಗೆ ಕಳೆದುಕೊಳ್ಳಬೇಕಲ್ಲಾ ಎಂದು ಹೊಟ್ಟೆ ಉರಿಯಿತು. ಆದರೆ ಹೊಟ್ಟೆಗೆ ಅನ್ನ ಮುಖ್ಯ.

ಸಾಯಂಕಾಲ ಮಾವನವರ ಮನೆಯ ಹಜಾರದಲ್ಲಿ ಸಭೆ ಸೇರಿತು. ಮಾವ ಆರಾಮ ಕುರ್ಚಿಯಲ್ಲಿ, ಅತ್ತೆ ಉಯ್ಯಾಲೆಮಣೆಯ ಮೇಲೆ, ಸರಸ ಮತ್ತು ಅವಳ ತಮ್ಮನ ಹೆಂಡತಿ ಗೌತಮಿ ಗೋಡೆಗೆ ಒರಗಿ. ತಮ್ಮ ಜಯಂತ ಹಾಸನದ ಉಪಗ್ರಹ ಕೇಂದ್ರದಲ್ಲಿ ಎಂಜಿನಿಯರು. ಅವನೂ ಒಂದು ವಾರ ರಜಾ ಹಾಕಿ ಬಂದಿದ್ದ. ನಾನು ದೇವರನ್ನು ಎರಡು ರೀತಿಯಲ್ಲಿ ಬೇಡಿಕೊಂಡೆ: ಮೊದಲನೆಯದಾಗಿ ಕರೆಂಟು ಹೋಗಲಿ, ಅದಾಗದಿದ್ದರೆ ನನ್ನ ಪ್ರಾಣ ಹೋಗಲಿ. ದಿನಾ ಆ ಹೊತ್ತಿಗೆ ತಪ್ಪದೆ ಹೋಗುತ್ತಿದ್ದ ಕರೆಂಟು ಅವತ್ತು ಕಂಬದಂತೆ ನಿಂತಿತ್ತು.

ದೊಡ್ಡದರ ಕ್ಯಾಸೆಟ್ಟು ಮುಗಿಯಿತು. ಚೆನ್ನಾಗಿದೆ ಎಂದರು. ಚಿಕ್ಕದಕ್ಕೆ ಹಳದಿ ಬಾಲ ಮಾತ್ರ ಚುಚ್ಚಿ, ನಾದಸ್ವರ ಹಾಕಿದೆ. ಚಿತ್ರಕ್ಕೆ ಎಲ್ಲರೂ ಬಾಯಿ ಬಿಟ್ಟರು. ನಾನು ಗಂಟಲು ಸರಿಮಾಡಿಕೊಂಡು, ಏನು ಚೆನ್ನಾಗಿದ್ದರೇನು, ಇದಕ್ಕೆ ಮಾತೇ ಬರುವುದಿಲ್ಲ, ಹುಟ್ಟು ಮೂಗ, ಆದ್ದರಿಂದ ದೊಡ್ಡದೇ ವಾಸಿ ಎಂದೆ. ಮಾವ ತಲೆದೂಗಿದರು. ಸರಸ, ನಾನು ಮೊದಲೇ ಹೇಳಲಿಲ್ಲವೇ ಎಂದಳು. ಅತ್ತೆ ಮಾತ್ರ ಉಯ್ಯಾಲೆ ತೂಗುತ್ತಲೇ, ಇಷ್ಟು ಲಕ್ಷಣವಾದದ್ದಕ್ಕೆ ಬಾಯಿ ಇಲ್ಲವಲ್ಲ ಎಂದು ಹಲುಬಿದರು. ಮಾತು ಆ ಹಲುಬಾಟಕ್ಕೇ ಮುಗಿದಿದ್ದರೆ ನಾನು ಬದುಕುತ್ತಿದ್ದೆ. ಅಷ್ಟರಲ್ಲಿ ಜಯಂತ ಟೀವಿಯ ಹಿಂದೆ ಬಗ್ಗಿದ.

"ಭಾವ, ಎರಡು ವೈರು ಆಚೇನೇ ಇದೆ ನೋಡಿ. ಆಕಾಶದಲ್ಲಿರೋ ಸ್ಯಾಟಲೈಟ್ ಮಾತು ಹಿಡೀತೀವಿ ನಾವು, ಮೊಳ ದೂರದ ಟೀವಿಗೆ ಸದ್ದು ತರಿಸೋಕೆ ಆಗಲ್ವ."

"ಬೇಡ ಜಯಂತು, ಶಾಕ್ ಹೊಡೆಯುತ್ತೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಚುಚ್ಚಿದ. ಗೌತಮಿ ಎದ್ದು ನಾದಸ್ವರ ಆರಿಸಿದಳು. ಟೀವಿಯಲ್ಲಿ ಮಾವ ತಾಳಿ ಎತ್ತಿದರು. ಶೌರ್ಯಪ್ರಶಸ್ತಿಯನ್ನು ಘೋಷಿಸಲಾಯಿತು.

ಉಯ್ಯಾಲೆಯ ಸರಪಳಿ ಒಂದು ಸಲ ಕಿರ್ ಎಂದು ನಿಂತಿತು. ನಾನು ಕಂಬಕ್ಕಾಗಿ ಸುತ್ತಲೂ ನೋಡಿದೆ. ಹಜಾರದ ನಾಲ್ಕು ಕಂಬಗಳಲ್ಲಿ ಒಂದೂ ನನ್ನ ಅಗಲಕ್ಕೆ ಇರಲಿಲ್ಲ. ಸರಸ ನನ್ನನ್ನು ನೋಡಿದ ನೋಟದಲ್ಲಿ ಮುಂದಿನ ಹತ್ತು ವರ್ಷದ ಕಾರ್ಯಕ್ರಮ ಬರೆದಿತ್ತು. ಜಯಂತ ತಡವರಿಸಿ ವೈರಿಗೆ ಕೈ ಹಾಕಿದ.

"ಮುಟ್ಟಬೇಡ," ಎಂದರು ಅತ್ತೆ. "ಸದ್ದು ಇನ್ನೂ ಸ್ವಲ್ಪ ಜಾಸ್ತಿ ಮಾಡು."

ಈಗ ಟೀವಿಯಲ್ಲಿ ಆರತಿ ನಡೆಯುತ್ತಿತ್ತು. ನಾನು ಆರತಿ ತಟ್ಟೆಯನ್ನು ಕ್ಯಾಮೆರಾದಲ್ಲಿ ಹಿಡಿಯಲು ಗೋಡೆ ಪಕ್ಕಕ್ಕೆ ಸರಿದಿದ್ದೆ. ಅಲ್ಲಿ ಜಯಂತ ನಿಂತಿದ್ದ. ಕ್ಯಾಮೆರಾ ನೋಡಿ ನಗುತ್ತಲೇ, ಹೆಂಡತಿಯ ಕಡೆ ಬಾಗಿ, "ರಜಾ ಇನ್ನೂ ನಾಕು ದಿನ ಇದೆ ಅಂತ ಅಮ್ಮನ ಹತ್ರ ಬಾಯಿಬಿಡಬೇಡ. ಆಫೀಸಿಂದ ಫೋನ್ ಬಂತು ಅಂತೀನಿ, ನಾಳಿದ್ದು ನಿಮ್ಮ ಊರಿಗೆ ಹೋಗೋಣ," ಎಂದ. ಹಜಾರದಲ್ಲಿದ್ದ ಜಯಂತ ಟೀವಿಯ ಹಿಂದಿನಿಂದ ಹೊರಗೆ ಬರಲೇ ಇಲ್ಲ. ಗೌತಮಿಯ ಮುಖ ಅವಳ ರವಿಕೆಯ ಬಣ್ಣಕ್ಕೆ ತಿರುಗಿತು. (ರವಿಕೆ ಬಿಳಿಯದು.)

ಅದರ ಹಿಂದೆಯೇ ಸರಸಳ ದನಿ. ಗೌತಮಿ ಅವಳನ್ನು ಯಾವ ಕ್ಯಾಮೆರಾ ತೆಗೆದುಕೊಳ್ಳುತ್ತೀರೆಂದು ಕೇಳಿರಬೇಕು.

"ನಾನಂತೂ ದೊಡ್ಡದೇ ಅಂದಿದೀನಿ ಗೌತಮಿ. ಇವರ ಮುಖ ಪೂರ್ತಿ ಮುಚ್ಚುತ್ತೆ."

ಅಮೃತಾಂಜನ ಹಚ್ಚುತ್ತೇನೆಂದವಳನ್ನು ತಿರುಗಿ ನೋಡಿದೆ. ಅವಳು ಚಾಪೆಯ ಅಂಚಿನಲ್ಲಿ ಒಂದು ಕಡ್ಡಿಯನ್ನು ಬಹಳ ಶ್ರದ್ಧೆಯಿಂದ ಕೀಳುತ್ತಿದ್ದಳು. ನನಗೆ ಕೋಪ ಬರಬೇಕಾಗಿತ್ತು. ಬಂದದ್ದು ಒಂದು ವಿಚಿತ್ರ ಸಮಾಧಾನ: ಹೆದರಿದವನು ನಾನೊಬ್ಬನೇ ಅಲ್ಲ. ಇಡೀ ಮನೆ ಒಂದು ಅಂಗೈಯಗಲದ ಯಂತ್ರವನ್ನು ನೋಡಿ ಗಡಗಡ ನಡುಗುತ್ತಿತ್ತು. ಟೀವಿಯಲ್ಲಿ ಯಾರು ಬಂದರೂ, ಅವರೇ ಹಜಾರದಲ್ಲಿ ಉಸಿರು ಬಿಗಿಹಿಡಿದು, ತಾವು ಅಲ್ಲಿ ಏನು ಹೇಳಿದ್ದೆವೆಂದು ನೆನಪು ಮಾಡಿಕೊಳ್ಳುತ್ತಿದ್ದರು.

ಎಲ್ಲರಿಗಿಂತ ಮೊದಲು ನೆನಪಾದದ್ದು ಮಾವನವರಿಗೆ. ಆರತಿ ಮುಗಿದು ಪುರೋಹಿತರು ಅವರ ಪಕ್ಕಕ್ಕೆ ಬಂದು ಕೂರುವುದು ಕಾಣುತ್ತಿದ್ದಂತೆ, ಮೊಣಕಾಲು ನೋವಿನ ಆ ಮನುಷ್ಯ ಆರಾಮ ಕುರ್ಚಿಯಿಂದ ಎಳೆಯ ಹುಡುಗನ ಹಾಗೆ ಜಿಗಿದು ಟೀವಿಯ ಗುಂಡಿಗೆ ಕೈಚಾಚಿದರು. ಪಂಚೆ ಕುರ್ಚಿಯ ಕೈಗೆ ಸಿಕ್ಕಿಕೊಂಡಿತು. ಮಾವ ಅರ್ಧ ದಾರಿಯಲ್ಲಿದ್ದಾಗ ಟೀವಿಯ ಮಾವ ಹೇಳಿದರು:

"ಆಶೀರ್ವಾದದ ಮಂತ್ರ ಸ್ವಲ್ಪ ಮೊಟಕು ಮಾಡಿ ಸ್ವಾಮಿ. ಹೋದ ಸಲ ಪೂರ್ತಿ ಹೇಳಿದ್ರಲ್ಲ, ಅದರ ಫಲವೇ ಇನ್ನೂ ಮುಗಿದಿಲ್ಲ."

ಮಾವ ಹಾಗೇ ನಿಂತರು, ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈ ಗುಂಡಿಯ ಕಡೆ. ಆಮೇಲೆ ಯಾರನ್ನೂ ನೋಡದೆ ಕುರ್ಚಿಗೆ ಮರಳಿ ಕಣ್ಣು ಮುಚ್ಚಿಕೊಂಡರು. ವಿಷ್ಣುಸಹಸ್ರನಾಮ ಶುರುವಾಯಿತೆಂದು ತುಟಿಯಿಂದ ತಿಳಿಯಿತು.

ಅತ್ತೆ ಕ್ಯಾಸೆಟ್ಟನ್ನು ಕೊನೆಯವರೆಗೂ ನೋಡಿದರು. ಊಟದ ಪಂಕ್ತಿಯಲ್ಲಿ ಅಡಿಗೆ ಭಟ್ಟರು ತಮ್ಮವನಿಗೆ ಹೋಳಿಗೆಯ ತುಪ್ಪವನ್ನು ಯಾವ ಡಬ್ಬಿಯಲ್ಲಿ, ಯಾವ ಬಾಗಿಲಿನಿಂದ ಸಾಗಿಸಬೇಕೆಂದು ಹೇಳುತ್ತಿದ್ದುದನ್ನು ಮಾತ್ರ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿಸಿದರು. ವಿಚಿತ್ರವೆಂದರೆ ಇಡೀ ಕ್ಯಾಸೆಟ್ಟಿನಲ್ಲಿ ಅತ್ತೆಯ ದನಿಗೆ ಏನೂ ಕೊರತೆಯಿರಲಿಲ್ಲ. ತಮ್ಮ ನಾದಿನಿಗೆ ಸೀರೆ ಅಗ್ಗದ್ದೆಂದರು, ಪುರೋಹಿತರಿಗೆ ಹಲ್ಲು ಕಟ್ಟಿಸಿಕೊಳ್ಳಲು ಹೇಳಿದರು, ನನ್ನನ್ನು ದಾರಿಗಡ್ಡ ನಿಂತ ಎಮ್ಮೆ ಎಂದರು. ಆದರೆ ಎಲ್ಲವನ್ನೂ ಅವರವರ ಮುಖಕ್ಕೇ, ಮಂಟಪಕ್ಕೆಲ್ಲ ಕೇಳುವಂತೆ ಹೇಳಿದ್ದರು. ಕ್ಯಾಮೆರಾಕ್ಕೆ ಹೊಸದಾಗಿ ಹೇಳಲು ಏನೂ ಉಳಿದಿರಲಿಲ್ಲ.

ಟೀವಿ ಆರಿತು. ನಾನು ಪಾತ್ರೆ ಕೋಣೆಗೆ ಎಂದಿನಿಂದ ಬರಲಿ ಎಂದು ಕೇಳುವುದಕ್ಕೆ ಬಾಯಿ ತೆರೆದೆ. ಮಾವ ಕಣ್ಣು ಮುಚ್ಚಿಕೊಂಡೇ, ದೊಡ್ಡದೇ ಇರಲಿ, ಬೇಕಾದರೆ ನಾನೇ ಚಂದ್ರಯ್ಯನಿಗೆ ಹೇಳಿಕಳಿಸುವೆ ಎಂದರು. ದೊಡ್ಡದು ಬಹಳ ಗಟ್ಟಿ ಎಂದು ಟೀವಿಯ ಹಿಂದಿನಿಂದ ಜಯಂತ ಹೇಳಿದ. ಸರಸ, ಗೌತಮಿ ಇಬ್ಬರೂ ದೊಡ್ಡದಕ್ಕೇ ತಲೆಯಾಡಿಸಿದರು. ಆ ಮನೆಯಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಕಂಡಿರಲಿಲ್ಲ.

ಅತ್ತೆ ಎಲ್ಲರನ್ನೂ ಒಂದು ಸುತ್ತು ನೋಡಿದರು.

"ದೊಡ್ಡದು ವಾಪಸ್ ಕೊಡಿ ಅಳಿಯಂದಿರೇ. ಈ ಪುಟ್ಟದೇ ಇರಲಿ. ಇಷ್ಟು ವರ್ಷಕ್ಕೆ ಈ ಮನೆಗೆ ಸುಳ್ಳು ಹೇಳದೇ ಇರೋದು ಒಂದು ಬಂತು."

ಮಂಟಪದ ಕೆಲಸವೂ ನಿಮ್ಮದೇ, ಚನ್ನರಾಯಪಟ್ಟಣದವರನ್ನು ಕರೆಯುವುದಿಲ್ಲ ಎಂದರು. ನನಗೆ ನಂಬಿಕೆಯಾಗಲಿಲ್ಲ. ಕಾಲಿಗೆ ಬೀಳೋಣವೆಂದು ಬಗ್ಗಿದೆ. ಬಗ್ಗಿದ್ದವನನ್ನು ಹಾಗೇ ನಿಲ್ಲಿಸಿ, ಮಂಟಪದಲ್ಲಿ ತಮ್ಮ ಕಿವಿಗೆ ಬೀಳದೆ ಏನೇನು ನಡೆಯುತ್ತಿದೆ ಎಂದು ಇವತ್ತು ಅರ್ಥವಾಯಿತು, ಸಮಾರಂಭ ಮುಗಿದ ಮೇಲೆ ನೋಡಿದರೆ ತುಪ್ಪ ಹೋದ ಮೇಲೆ ಡಬ್ಬಿ ನೋಡಿದಂತೆ, ಆಗಿಂದಾಗಲೇ ಕೇಳಿಸಿಕೊಳ್ಳುವುದಕ್ಕೆ ಏನೂ ದಾರಿ ಇಲ್ಲವೇ ಎಂದು ಕೇಳಿದರು. ಇಲ್ಲ ಎನ್ನಬೇಕೆಂದು ನಾನು ನಾಲಿಗೆ ಹೊರಳಿಸುತ್ತಿದ್ದೆ. ಅಪರಾಧದ ಭಾರ ಇಳಿಸಿಕೊಳ್ಳಲು ಕಾಯುತ್ತಿದ್ದ ಜಯಂತ ಟೀವಿಯ ಹಿಂದಿನಿಂದ ಮುಖ ಹೊರಹಾಕಿ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಸಿಗುತ್ತೆ ಅಮ್ಮ, ವೈರು ಎಷ್ಟು ಉದ್ದ ಬೇಕಾದರೂ ನಾನು ಮಾಡಿಕೊಡುತ್ತೇನೆ ಎಂದ.

ಮಾಡಿಕೊಟ್ಟ. ಚೈತ್ರ ಕಳೆದು ಮಂಟಪದಲ್ಲಿ ಲಗ್ನಗಳು ಶುರುವಾದವು. ಈಗ ನೀವು ಬಂದು ನೋಡಬೇಕು. ಮುಂದೆ ಮುಕ್ಕಣ್ಣನನ್ನು ಹಿಡಿದ ನಾನು. ಪಕ್ಕದಲ್ಲಿ ಶಾಂತರಾಜು, ಅಲ್ಲಾಡದ ಲೈಟಿನೊಂದಿಗೆ. ನನ್ನ ಕ್ಯಾಮೆರಾದಿಂದ ಹೊರಟ ಒಂದು ಕಪ್ಪು ವೈರು, ಅದರ ತುದಿಯಲ್ಲಿ ರೇಷ್ಮೆ ಸೀರೆ ಉಟ್ಟು, ತುರುಬಿನ ಮಲ್ಲಿಗೆಯ ಮೇಲೆ ಹೆಡ್‌ಫೋನು ಏರಿಸಿಕೊಂಡ ಅತ್ತೆ. ನೋಡಿದವರಿಗೆ ಯಾರು ಯಾರನ್ನು ಕಟ್ಟಿಕೊಂಡು ಹೋಗುತ್ತಿದ್ದಾರೆ ಎಂದು ಸಂಶಯ ಬರಬಹುದು. ನನಗೆ ಬಂದಿಲ್ಲ. ವೈರು ಎಡಕ್ಕೆ ಜಗ್ಗಿದರೆ ಎಡಕ್ಕೆ ತಿರುಗುತ್ತೇನೆ, ಬಲಕ್ಕೆ ಜಗ್ಗಿದರೆ ಬಲಕ್ಕೆ.

ಮೊನ್ನೆ ದೊಡ್ಡಗದ್ದವಳ್ಳಿಯವರ ಮದುವೆ. ಹುಡುಗ ತಾಳಿ ಎತ್ತಿದ, ಗಟ್ಟಿಮೇಳ ಮೊಳಗಿತು, ನಾನು ಉಸಿರು ಹಿಡಿದು ತಾಳಿಯ ಮೇಲೆ ಕಣ್ಣಿಟ್ಟೆ. ಆಗಲೇ ವೈರು ಬಲಕ್ಕೆ ಜಗ್ಗಿತು. "ಅಳಿಯಂದಿರೇ, ಆ ಅಡಿಗೆ ಭಟ್ಟರ ಕಡೆ ಸ್ವಲ್ಪ ತಿರುಗಿ. ಏನೋ ಡಬ್ಬಿ ಅಂತಿದಾರೆ, ಸರಿಯಾಗಿ ಕೇಳಿಸ್ತಿಲ್ಲ." ತಿರುಗಿದೆ. ಇನ್ನು ಹುಡುಗಿಯ ತಂದೆಗೆ ಏನು ಹೇಳುವುದು, ಇನ್ನೊಂದು ಸಲ ತಾಳಿ ಹೇಗೆ ಕಟ್ಟಿಸುವುದು ಎಂದು ಲೆಕ್ಕ ಹಾಕತೊಡಗಿದೆ. ಬಾಯಿ ಮಾತ್ರ ತೆರೆಯಲಿಲ್ಲ. ಈಗ ತೆರೆಯುವುದೇ ಇಲ್ಲ. ಮೂಗಿನಿಂದಲೇ, ಬಹಳ ಮೆತ್ತಗೆ, ಒಂದು ನಿಟ್ಟುಸಿರು ಬಿಟ್ಟೆ.

ಬೆನ್ನ ಹಿಂದೆ ವೈರು ಬಿಗಿಯಾಯಿತು.

"ಏನಂದ್ರಿ ಅಳಿಯಂದಿರೇ?"